ಸೋಮವಾರದ ತಗ್ಗು ಹುಡುಕಿಕೊಂಡು ಕೌನಾಸಿಗೆ

ಸೇಡಂ

ನಮ್ಮ ಸೇಡಂನಲ್ಲಿ ಯಾರಾದರೂ ಪರದೇಶಕ್ಕೆ ಹೊರಟರೆ ಓಣಿಯವರು ಮೂರು ಪ್ರಶ್ನೆ ಕೇಳುತ್ತಾರೆ. ಅಲ್ಲಿ ರೊಟ್ಟಿ ಸಿಗುತ್ತದೆಯೆ? ಥಂಡಿ ಎಷ್ಟು? ಹೋಗಿ ಮಾಡುವುದೇನು? ಮೊದಲೆರಡಕ್ಕೆ ನನ್ನ ಹತ್ತಿರ ಉತ್ತರವಿತ್ತು: ಸಿಗುವುದಿಲ್ಲ, ಭಾಳ. ಮೂರನೆಯದಕ್ಕೆ, "ಬಿಸಲಿನ ಬಗ್ಗೆ ಮಾತಾಡಲಿಕ್ಕ ಕರದಾರ್ರಿ" ಎಂದೆ. ಎದುರು ಮನೆಯ ನಿವೃತ್ತ ತಹಶೀಲ್ದಾರರು ಕನ್ನಡಕ ಇಳಿಸಿ ನನ್ನನ್ನು ನೋಡಿದರು.

"ಬಿಸಲಿನ ಬಗ್ಗೆ ಮಾತಾಡಲಿಕ್ಕ ಸೇಡಂ ಬಿಟ್ಟು ಥಂಡಿ ದೇಶಕ್ಕ ಹೊಂಟೀರೇನ್ರಿ ಮೇಡಂ? ಅಲ್ಲಿ ಬಿಸಲೇ ಇಲ್ಲಲ್ರಿ!"

ಅವರ ಮಾತು ತಪ್ಪಲ್ಲ. ನಾನು ಇಲ್ಲಿನ ಡಿಗ್ರಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಲಿಥುವೇನಿಯಾ ಎಂಬ ಪುಟ್ಟ ದೇಶದ ಕೌನಾಸ್ ಊರಿನ ಪ್ರಯೋಗಾಲಯವೊಂದು ಹೊಸ ಬಗೆಯ ಸೋಲಾರ್ ಬಿಲ್ಲೆಗಳನ್ನು ಮಾಡುತ್ತದೆ. ಅವನ್ನು ಕಡು ಬಿಸಿಲಿನಲ್ಲಿಟ್ಟು ನೋಡಲು ಅವರಿಗೆ ಒಂದು ಮಾಳಿಗೆ ಬೇಕಿತ್ತು. ನಮ್ಮ ಕಾಲೇಜಿನ ಮಾಳಿಗೆ ಕೊಟ್ಟೆವು. ಅದರಲ್ಲಿ ನಮ್ಮ ಜಾಣತನವೇನೂ ಇಲ್ಲ, ಬಿಸಿಲು ನಾವು ಕೊಡದಿದ್ದರೂ ಬೀಳುತ್ತಿತ್ತು.

ಬಿಲ್ಲೆಯೊಳಗಿರುವುದು ಪೆರೊವ್‌ಸ್ಕೈಟ್ ಎಂಬ ಹರಳು. ಮನೆಗಳ ಮೇಲೆ ಕಾಣುವ ಮಾಮೂಲಿ ಸೋಲಾರ್ ಫಲಕ ಸಿಲಿಕಾನಿನದು, ಅದನ್ನು ಮಾಡಲು ದೊಡ್ಡ ಕುಲುಮೆಯೇ ಬೇಕು. ಇದನ್ನಾದರೆ ಶಾಯಿಯ ಹಾಗೆ ಗಾಜಿನ ಮೇಲೆ ಬಳಿದು ಒಣಗಿಸಬಹುದು. ಕೆಲಸದಲ್ಲಿ ಗಟ್ಟಿಗ, ಆಯುಷ್ಯದಲ್ಲಿ ಮಾತ್ರ ಹಪ್ಪಳ. ತೇವ ತಾಗಿದರೆ ಕೆಡುತ್ತದೆ, ಸೆಕೆಗೆ ಸೊರಗುತ್ತದೆ, ಬಿಸಿಲು ಜಾಸ್ತಿಯಾದರೂ ಮುಖ ಬಾಡಿಸಿಕೊಳ್ಳುತ್ತದೆ. ಬಿಸಿಲಿಗೆ ಅಂಜುವ ಸೋಲಾರ್ ಎಂದರೆ ನೀರಿಗೆ ಅಂಜುವ ಮೀನು. ಇದರ ಆಯುಷ್ಯ ಹೆಚ್ಚಿಸುವುದು ಹೇಗೆ ಎಂದು ಜಗತ್ತಿನ ಅನೇಕ ಬುದ್ಧಿವಂತರು ತಲೆ ಕೆಡಿಸಿಕೊಂಡಿದ್ದಾರೆ.

ನಮಗೆ ಬಂದದ್ದು ಹನ್ನೆರಡು ಬಿಲ್ಲೆ, ಒಂದೊಂದೂ ಅಂಗೈಯಗಲ. ಪಾರ್ಸಲ್ಲು ನನ್ನ ತವರಾದ ಶಹಾಬಾದಿಗೆ ಬಂತು. ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ತಂದೆ. ವಾಡಿಯಲ್ಲಿ ಗಾಡಿ ಬದಲಿಸುವಾಗ ಯಾರದೋ ಟ್ರಂಕು ಬಡಿದು ಒಂಬತ್ತನೇ ಬಿಲ್ಲೆಯ ಗಾಜಿನ ಮೂಲೆ ಚಕ್ಕೆ ಹಾರಿತು. ಒಳಗಿನ ಸೀಲಿಗೆ ಏನೂ ಆಗಿರಲಿಲ್ಲ. ಆದರೂ ಕೌನಾಸಿನವರು ಪಟ್ಟಿಯಲ್ಲಿ ಒಂಬತ್ತರ ಮುಂದೆ 'ಒಡೆದಿದೆ, ಲೆಕ್ಕಕ್ಕಿಲ್ಲ' ಎಂದು ಬರೆದರು. ಟ್ರಂಕಿನವನಿಗೆ ಬೈದದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಬಿಲ್ಲೆಗಳನ್ನು ದಿನಾ ಮುಂಜಾನೆ ಒಣ ಬಟ್ಟೆಯಿಂದ ಒರೆಸಬೇಕು, ನೀರು ಮುಟ್ಟಿಸಬಾರದು ಎಂಬುದು ಅವರ ನಿಯಮ. ಆ ಕೆಲಸ ನಮ್ಮ ಶರಣಮ್ಮಕ್ಕನಿಗೆ ಬಂತು. ಚಿಂಚೋಳಿ ಕಡೆಯ ಹೆಣ್ಣುಮಗಳು, ಹತ್ತೊಂಬತ್ತು ವರ್ಷ ಕಾಲೇಜಿನ ವರಾಂಡ ಗುಡಿಸಿದವಳು. ಈಗ ಅವಳ ಸೊಂಟಕ್ಕೆ ಮಾಳಿಗೆಯ ಕೀಲಿ, ಕೈಯಲ್ಲಿ ಸಹಿ ಹಾಕುವ ಪುಸ್ತಕ. "ನಿನ್ನ ಕೆಲಸ ಯುರೋಪಿನವರು ನೋಡಲಿಕತ್ತಾರ" ಎಂದು ನಾನೊಮ್ಮೆ ಹುರಿದುಂಬಿಸಿದ್ದೆ. ಮರುದಿನದಿಂದ ಅವಳು ಮಾಳಿಗೆ ಹತ್ತುವಾಗ ಇಸ್ತ್ರಿ ಮಾಡಿದ ಸೀರೆ ಉಡತೊಡಗಿದಳು.

ಹೊರಡುವ ದಿನ ಅವಳು ಸ್ಟೇಷನ್ನಿಗೆ ಬಂದಳು. ಖಡಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯ ಡಬ್ಬಿ, ಜೊತೆಗೆ ಕಾಗದದಲ್ಲಿ ಸುತ್ತಿದ ವಿಭೂತಿ ಗಟ್ಟಿ ಕೈಗಿಟ್ಟಳು.

"ಸೋಮಾರ ಮರೀಬ್ಯಾಡ್ರಿ ಮೇಡಂ. ಎಲ್ಲಿದ್ರೂ ಇಬತ್ತಿ ಹಚ್ಕೋರಿ."

"ಹಚ್ಕೋತೀನಕ್ಕ. ನೀ ಬಿಲ್ಲಿ ಛಲೋ ನೋಡ್ಕೋ. ಈ ಸರ್ತಿ ನಮ್ಮ ಮಾಳಗಿ ಇರ್ತದೋ ಹೋಗ್ತದೋ ಅಲ್ಲೇ ತೀರ್ಮಾನ ಆಗ್ತದ."

ಅದು ನಿಜವಾಗಿತ್ತು. ಅವರಿಗೆ ಮೂರು ಕಡೆ ಇಂಥ ಮಾಳಿಗೆಗಳಿದ್ದವು, ಮುಂದಿನ ಸುತ್ತಿಗೆ ಎರಡೇ ಉಳಿಯುವುದಿತ್ತು. ನಮ್ಮದು ಉಳಿಯುವುದು ಹೆಚ್ಚುಕಡಿಮೆ ಖಾತ್ರಿ, ಏಕೆಂದರೆ ನಮ್ಮ ಬಿಲ್ಲೆಗಳು ಮಾತ್ರ ಒಂದು ವಿಚಿತ್ರ ತೋರಿಸಿದ್ದವು. ಏಳು ದಿನಕ್ಕೊಮ್ಮೆ ಅವುಗಳ ಕರೆಂಟು ಒಂದು ತಗ್ಗಿಗೆ ಇಳಿಯುತ್ತಿತ್ತು, ಮರುದಿನ ಮೊದಲಿಗಿಂತ ಚೂರು ಮೇಲೇರುತ್ತಿತ್ತು. ಹರಳು ತಾನಾಗಿ ವಾರಕ್ಕೊಮ್ಮೆ ವಿಶ್ರಾಂತಿ ಪಡೆದು ಚೇತರಿಸಿಕೊಳ್ಳುತ್ತದೆ ಎಂದು ಅಲ್ಲಿನ ಮುಖ್ಯಸ್ಥರಾದ ಪ್ರೊಫೆಸರ್ ಯೋನಾಸ್ ಒಂದು ಸಿದ್ಧಾಂತ ಕಟ್ಟಿದ್ದರು. ಅದಕ್ಕೆ 'ಸೇಡಂ ಲಯ' ಎಂದು ಹೆಸರಿಟ್ಟು ಪ್ರಬಂಧವನ್ನೂ ಬರೆದಿದ್ದರು. ಮಂಗಳವಾರ ಎಲ್ಲರೆದುರು ಅದನ್ನು ನಾನು ಓದಬೇಕು. ನಮ್ಮೂರ ಹೆಸರು ವಿಜ್ಞಾನದ ಪುಸ್ತಕಕ್ಕೆ ಹೋಗುತ್ತದೆಂದು ನಾನು ಆಗಲೇ ಅರ್ಧ ಅಡಿ ಎತ್ತರವಾಗಿದ್ದೆ.

ಫ್ರಾಂಕ್‌ಫರ್ಟ್

ಇಳಿಯುವುದು ಶುರುವಾದದ್ದು ಫ್ರಾಂಕ್‌ಫರ್ಟಿನಲ್ಲಿ. ವಿಮಾನ ಬದಲಿಸುವಾಗ ತಪಾಸಣೆಯ ಅಧಿಕಾರಿ ನನ್ನ ಚೀಲದಿಂದ ವಿಭೂತಿ ಗಟ್ಟಿ ಎತ್ತಿ ಬೆಳಕಿಗೆ ಹಿಡಿದ.

"ಇದೇನು?"

"ಬೂದಿ" ಎಂದೆ, ಇಂಗ್ಲಿಷಿನಲ್ಲಿ.

ಅವನ ಮುಖ ಗಂಭೀರವಾಯಿತು. ದನಿ ತಗ್ಗಿಸಿ, ಬಹಳ ಮರ್ಯಾದೆಯಿಂದ ಕೇಳಿದ: "ಯಾರದು?"

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಅಯ್ಯೋ, ಮನುಷ್ಯರದಲ್ಲ! ಆಕಳ ಸಗಣಿಯದು!" ಎಂದೆ. ಇದರಿಂದ ಪರಿಸ್ಥಿತಿ ಸುಧಾರಿಸಲಿಲ್ಲ. ಇನ್ನೊಬ್ಬ ಅಧಿಕಾರಿ ಬಂದ. ಕೊನೆಗೆ ಬೆರಳು ನೀರಿಗದ್ದಿ, ಗಟ್ಟಿಗೆ ತಿಕ್ಕಿ, ಅವರೆದುರೇ ಹಣೆಗೆ ಮೂರು ಗೆರೆ ಎಳೆದು ತೋರಿಸಿದೆ. ಇಬ್ಬರೂ ತಲೆ ಆಡಿಸಿ ಬಿಟ್ಟರು. ಶೇಂಗಾ ಹಿಂಡಿಯನ್ನು ಮಾತ್ರ ಉಳಿಸಿಕೊಳ್ಳಲಾಗಲಿಲ್ಲ. ಈಗಲೂ ಆ ಡಬ್ಬಿ ನೆನೆದರೆ ಹೊಟ್ಟೆ ಉರಿಯುತ್ತದೆ.

ಕೌನಾಸ್, ಭಾನುವಾರ

ಕೌನಾಸ್ ಎರಡು ನದಿ ಕೂಡುವ ಊರು. ಮೇ ತಿಂಗಳಾದರೂ ನನಗೆ ಸ್ವೆಟರು, ಅಲ್ಲಿಯ ಜನಕ್ಕೆ ಅದೇ ಬೇಸಿಗೆ. ಸೂರ್ಯ ಕಂಡರೆ ಸಾಕು, ಹುಲ್ಲಿನ ಮೇಲೆ ಮಲಗಿ ಮುಖ ಒಡ್ಡುತ್ತಾರೆ. ನಾವು ಕೊಡೆ ಹಿಡಿದು, ಸೆರಗು ಹೊದ್ದು, ಗೋಡೆಯ ನೆರಳು ಹುಡುಕಿ ಓಡುವ ಅದೇ ಸೂರ್ಯ! ಹೆಚ್ಚಾದದ್ದನ್ನು ಕಟ್ಟಿ ಕಳಿಸುವಂತಿದ್ದರೆ ನಮ್ಮ ಪಕ್ಕದ ಚಿತ್ತಾಪುರವೊಂದರಿಂದಲೇ ಇಡೀ ಲಿಥುವೇನಿಯಾ ಬೆಚ್ಚಗಿರಬಹುದಿತ್ತು.

ಬಸ್ಸಿನಲ್ಲಿ ಯಾರೂ ಯಾರೊಡನೆಯೂ ಮಾತಾಡುವುದಿಲ್ಲ. ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಐದು ನಿಮಿಷ ಕುಂತರೆ ಪಕ್ಕದವರಿಗೆ ನಮ್ಮ ಊರು, ಮನೆತನ, ಮಂಡಿನೋವು ಎಲ್ಲ ಗೊತ್ತಾಗಿರುತ್ತದೆ. ಇಲ್ಲಿ ಇಪ್ಪತ್ತು ನಿಮಿಷ ಪಕ್ಕದಲ್ಲಿ ಕುಂತ ಅಜ್ಜಿಗೆ ನಾನು ನಕ್ಕರೆ ಅವಳು ಕೈಚೀಲ ಗಟ್ಟಿಯಾಗಿ ಹಿಡಿದುಕೊಂಡಳು.

ಯೋನಾಸ್ ಆ ದಿನ ಊಟಕ್ಕೆ ಕರೆದಿದ್ದರು. ಎತ್ತರದ, ಬಿಳಿ ಹುಬ್ಬಿನ, ಮಿತಭಾಷಿ ಮನುಷ್ಯ. ಬಾಗಿಲು ತೆರೆದರು. ನಾನು ಹೊರಗಿಂದಲೇ ಕೈ ಚಾಚಿದೆ. ಅವರು ತಮ್ಮ ಕೈ ಬೆನ್ನ ಹಿಂದೆ ಇಟ್ಟುಕೊಂಡರು! ಇಷ್ಟು ದೂರ ಕರೆಸಿ ಅವಮಾನವೇ ಎಂದು ನನ್ನ ಮುಖ ಕೆಂಪಾಯಿತು. ಅಷ್ಟರಲ್ಲಿ ಅವರ ಶಿಷ್ಯೆ ರೂತಾ ಒಳಗಿನಿಂದ ನಕ್ಕಳು.

"ಹೊಸ್ತಿಲ ಮೇಲೆ ಕೈ ಕುಲುಕಬಾರದು, ಅಪಶಕುನ. ಮೊದಲು ಒಳಗೆ ಬನ್ನಿ."

ನನಗೆ ತವರಿಗೆ ಬಂದಷ್ಟು ಖುಷಿಯಾಯಿತು. ಹೊಸ್ತಿಲ ಮೇಲೆ ಕುಂದರಬಾರದು, ಸೀನಬಾರದು, ಕೊಡು-ಕೊಳ್ಳು ಮಾಡಬಾರದು ಎಂದು ನನ್ನ ಅಜ್ಜಿ ದಿನಕ್ಕೆ ನಾಲ್ಕು ಸಲ ಗದರುತ್ತಿದ್ದಳು. ಊಟದಲ್ಲಿ ಕಪ್ಪು ಬ್ರೆಡ್ಡಿನ ತುಂಡೊಂದು ಕೆಳಗೆ ಬಿತ್ತು. ಹರಳುಗಳ ಬಗ್ಗೆ ಕಪಾಟು ತುಂಬ ಬರೆದ ಯೋನಾಸ್ ಅದನ್ನೆತ್ತಿ ಮುತ್ತಿಟ್ಟು ತಟ್ಟೆಗೆ ಹಾಕಿಕೊಂಡರು. ನಾವು ಅನ್ನವನ್ನು ಕಣ್ಣಿಗೊತ್ತಿಕೊಳ್ಳುತ್ತೇವೆ, ಅಷ್ಟೇ ವ್ಯತ್ಯಾಸ. ನಾನು ಕೊಟ್ಟ ಖಡಕ್ ರೊಟ್ಟಿಯನ್ನು ಅವರು ಬೆರಳಿನಿಂದ ಬಡಿದು ನೋಡಿ, "ಇದರ ಆಯುಷ್ಯ ಎಷ್ಟು?" ಎಂದರು. ತಿಂಗಳಾದರೂ ಏನೂ ಆಗುವುದಿಲ್ಲ ಎಂದೆ. "ನಮ್ಮ ಬಿಲ್ಲೆಗಿಂತ ಮೇಲು" ಎಂದು ನಿಟ್ಟುಸಿರುಬಿಟ್ಟರು. ಇಡೀ ಸಂಜೆಯಲ್ಲಿ ಅವರಾಡಿದ ಹಾಸ್ಯ ಅದೊಂದೇ.

ಕೌನಾಸ್, ಸೋಮವಾರ

ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಶರಣಮ್ಮಕ್ಕನಿಗೆ ಕೊಟ್ಟ ಮಾತಿನಂತೆ ಹಣೆಗೆ ವಿಭೂತಿ ಹಚ್ಚಿಕೊಂಡು ಪ್ರಯೋಗಾಲಯಕ್ಕೆ ಹೋದೆ. ಯೋನಾಸ್ ಕಂಪ್ಯೂಟರಿನ ಮುಂದೆ ಮದುವೆ ಮನೆಯ ಹಿರಿಯರ ಹಾಗೆ ಓಡಾಡುತ್ತಿದ್ದರು. ನಮ್ಮ ಮಾಳಿಗೆಯ ಲೆಕ್ಕ ಅಲ್ಲಿ ತೆರೆದಿತ್ತು.

"ಬಂದಿದೆ! ಸರಿಯಾಗಿ ಏಳನೇ ದಿನಕ್ಕೆ ಬಂದಿದೆ, ನೋಡಿ!"

ನೋಡಿದೆ. ನಿನ್ನೆಯವರೆಗೆ ನೆಟ್ಟಗಿದ್ದ ಗೆರೆಗಳೆಲ್ಲ ಇವತ್ತು ತಗ್ಗಿಗಿಳಿದಿದ್ದವು. ಪ್ರಬಂಧದಲ್ಲಿ ದಿನಗಳಿಗೆ ಬರೀ ಅಂಕಿಗಳಿದ್ದವು, ವಾರದ ಹೆಸರಿರಲಿಲ್ಲ. ಹಾಗಾಗಿ ಈ ತಗ್ಗು ಬೀಳುವುದು ಪ್ರತಿ ಸೋಮವಾರ ಎಂಬುದು ನನಗೆ ಆಗಷ್ಟೇ ಹೊಳೆಯಿತು. ಅಷ್ಟರಲ್ಲಿ ಪರದೆ ತುಸು ಕಪ್ಪಾಗಿ, ಅದರಲ್ಲಿ ನನ್ನದೇ ಮುಖ ಕಂಡಿತು. ಹಣೆಯ ಮೇಲೆ ಮೂರು ಬಿಳಿ ಗೆರೆ.

ಶೌಚಾಲಯಕ್ಕೆಂದು ಹೇಳಿ ಹೊರಗೆ ಹೋಗಿ ಊರಿಗೆ ಫೋನು ಹಚ್ಚಿದೆ.

"ಶರಣಮ್ಮಕ್ಕ, ಖರೇ ಹೇಳು. ಸೋಮಾರ ಸೋಮಾರ ಬಿಲ್ಲಿಗಿ ಏನರೆ ಹಚ್ಚಲಿಕತ್ತೀಯೇನು?"

"ಹೌದ್ರಿ, ಇಬತ್ತಿ ಹಚ್ತೀನ್ರಿ" ಎಂದಳು, ಉಸಿರಾಡುತ್ತೀಯೇನು ಎಂದು ಕೇಳಿದಂತೆ. "ಮೂರು ಬಟ್ಟು. ಒಂದು ಸೋಮಾರ ತಪ್ಪಿಸಿಲ್ರಿ. ದುಡದು ಹಾಕೋ ಸಾಮಾನು ಅವು, ಹಚ್ಚಲಾರ್ದ ಹ್ಯಾಂಗ ಇರಲಿ? ಯಾಕ್ರಿ, ಆ ಮಂದಿಗಿ ಕಂಡದೇನ್ರಿ?"

"ಕಂಡದಕ್ಕ. ಭಾಳ ಛಲೋ ಕಂಡದ."

"ನೋಡ್ರಿ ಮತ್ತ!" ಎಂದು ಹಿಗ್ಗಿದಳು.

ಸೋಮವಾರ ನನಗೆ ಬೆಳಗಿನಿಂದ ಸಂಜೆತನಕ ಪಾಠ. ಮಾಳಿಗೆ ಹತ್ತುವುದು ಶನಿವಾರ. ಮಂಗಳವಾರ ಮುಂಜಾನೆಗೆ ಅವಳು ಒರೆಸಿಬಿಡುತ್ತಿದ್ದಳು. ಹೀಗೆ ಆರು ತಿಂಗಳು ನನ್ನ ಮೂಗಿನ ಕೆಳಗೆ 'ಸೇಡಂ ಲಯ' ನಡೆದಿತ್ತು. ಹರಳು ವಿಶ್ರಾಂತಿ ಪಡೆಯುತ್ತಿರಲಿಲ್ಲ, ವಿಭೂತಿಯ ನೆರಳಿನಲ್ಲಿ ಕುಂತಿತ್ತು!

ಮಧ್ಯಾಹ್ನ ಬೀಟ್‌ರೂಟಿನ ತಣ್ಣನೆಯ ಗುಲಾಬಿ ಸೂಪು ಕೊಟ್ಟರು. ಮೊಸರು ಹಾಕಿದ್ದು, ರುಚಿ ಚೆನ್ನಾಗಿತ್ತಂತೆ. ನನ್ನ ನಾಲಿಗೆಗೆ ಏನೂ ತಿಳಿಯಲಿಲ್ಲ. ಹೇಳಿದರೆ ಪ್ರಬಂಧ ಹೋಗುತ್ತದೆ, ಮಾಳಿಗೆ ಹೋಗುತ್ತದೆ, ಶರಣಮ್ಮಕ್ಕನ ಸೊಂಟದ ಕೀಲಿ ಹೋಗುತ್ತದೆ, ನಮ್ಮೂರು ನಗೆಪಾಟಲಾಗುತ್ತದೆ. ಹೇಳದಿದ್ದರೆ ಒಬ್ಬ ಒಳ್ಳೆಯ ಮನುಷ್ಯ ಸುಳ್ಳನ್ನು ಅಚ್ಚು ಹಾಕಿಸುತ್ತಾನೆ, ಕೆಳಗೆ ನನ್ನ ಹೆಸರೂ ಇರುತ್ತದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಬಾಯಿ ಮುಚ್ಚಿಕೊಂಡಿದ್ದು ಮನೆಗೆ ಓಡಿಹೋಗೋಣ ಎಂದು ಎರಡು ಚಮಚ ಸೂಪು ಕುಡಿಯುವಷ್ಟು ಹೊತ್ತು ಯೋಚಿಸಿದೆ. ನಾನು ಅಷ್ಟೇನೂ ದೊಡ್ಡ ಮನಸ್ಸಿನವಳಲ್ಲ.

ಕೌನಾಸ್, ಮಂಗಳವಾರ

ಸಭೆ ಮಧ್ಯಾಹ್ನಕ್ಕಿತ್ತು. ಬೆಳಿಗ್ಗೆಯೇ ಯೋನಾಸರ ಕೋಣೆಗೆ ಹೋಗಿ ಬಾಗಿಲಲ್ಲೇ, "ಸರ್, ಒಂದು ಕೆಟ್ಟ ಸುದ್ದಿ" ಎಂದೆ. ಅವರು ಕೈ ಎತ್ತಿ ತಡೆದರು. "ಒಳಗೆ ಬಂದು ಹೇಳಿ." ಹೊಸ್ತಿಲು ದಾಟಿದೆ. ದಾಟಿದ ಮೇಲೆ ಹಿಂದೆ ಹೋಗುವಂತಿರಲಿಲ್ಲ. ಎಲ್ಲ ಹೇಳಿದೆ, ವಿಭೂತಿ ಗಟ್ಟಿಯನ್ನು ಮೇಜಿನ ಮೇಲಿಟ್ಟೆ.

ಯೋನಾಸ್ ಮಾತಾಡಲಿಲ್ಲ. ನಮ್ಮವರಾಗಿದ್ದರೆ ಕೂಗಾಡುತ್ತಿದ್ದರು, ಆಮೇಲೆ ಚಹಾ ತರಿಸುತ್ತಿದ್ದರು, ಎಲ್ಲಿಗೆ ಮುಟ್ಟಿದೆವೆಂದು ತಿಳಿಯುತ್ತಿತ್ತು. ಈ ಮೌನವನ್ನು ಓದಲು ನನಗೆ ಬರುವುದಿಲ್ಲ. ರೂತಾ ಒಂದು ಗಾಜಿನ ಚೂರು ತಂದು, "ಹಚ್ಚಿ ತೋರಿಸಿ" ಎಂದಳು. ಮೂರು ಗೆರೆ ಎಳೆದೆ. ಅದನ್ನು ಬಿಲ್ಲೆಯೊಂದರ ಮೇಲಿಟ್ಟು ದೀಪ ಹಚ್ಚಿ ಅಳೆದಳು. ಸೋಮವಾರದ ತಗ್ಗು, ತಗ್ಗಿಗೆ ತಗ್ಗು ಸರಿಹೋಯಿತು. ಯೋನಾಸ್ ತಮ್ಮ ಪ್ರಬಂಧವನ್ನು ಮಡಿಸಿ ಡ್ರಾಯರಿನಲ್ಲಿಟ್ಟರು. ನನಗೆ ಅಳು ಬಂತು.

"ಆದರೆ ಮರುದಿನದ ಏರಿಕೆ?" ಎಂದಳು ರೂತಾ. "ವಿಭೂತಿ ತೆಗೆದರೆ ಮೊದಲಿನಷ್ಟಾಗಬೇಕು, ಮೊದಲಿಗಿಂತ ಹೆಚ್ಚು ಏಕಾಗುತ್ತದೆ?" ಅವಳು ಪಟ್ಟಿಯನ್ನು ಕೆಳಗಿಳಿಸುತ್ತ ಹೋಗಿ ಒಂಬತ್ತರ ಹತ್ತಿರ ನಿಂತಳು. ಲೆಕ್ಕಕ್ಕಿಲ್ಲ ಎಂದು ಬಿಟ್ಟಿದ್ದ ಒಂಬತ್ತು. ಅದರ ಗೆರೆಯಲ್ಲಿ ಸೋಮವಾರ ತಗ್ಗೂ ಇಲ್ಲ, ಮಂಗಳವಾರ ಏರಿಕೆಯೂ ಇಲ್ಲ. ಚಳಿಗಾಲದಿಂದ ಬೇಸಿಗೆವರೆಗೆ ಇಳಿಜಾರಿನಲ್ಲಿ ಬಿಟ್ಟ ಬಂಡಿಯಂತೆ ಸುಮ್ಮನೆ ಇಳಿದಿತ್ತು. ಮತ್ತೆ ಊರಿಗೆ ಫೋನು ಹಚ್ಚಿ, ಇಬ್ಬರಿಗೂ ಕೇಳುವಂತಿಟ್ಟು ಸಾಲುಸಾಲಾಗಿ ಅನುವಾದಿಸಿದೆ.

"ಅಕ್ಕ, ಒಂಬತ್ತನೇದಕ್ಕ ಯಾಕ ಹಚ್ಚಿಲ್ಲ?"

"ಅದರ ಮೂಲಿ ಒಡದದಲ್ರಿ. ಒಡದದ್ದಕ್ಕ ಇಬತ್ತಿ ಹಚ್ಚಬಾರ್ದು, ಗೊತ್ತಿಲ್ಲೇನ್ರಿ ನಿಮಗ?"

"ಮಂಗಳಾರ ಹ್ಯಾಂಗ ತೆಗೀತಿ?"

"ಬೈಬ್ಯಾಡ್ರಿ. ಒಣ ಅರಬಿಗಿ ಇಬತ್ತಿ ಹೋಗಂಗಿಲ್ಲ. ಒಂದೀಟು ಒದ್ದಿ ಮಾಡಿ ತಿಕ್ಕತೀನ್ರಿ. ಬೂದಿ ಹಾಕಿ ತಿಕ್ಕಿದ ಹಿತ್ತಾಳಿ ಚರಗಿ ಹಂಗ ಥಳಥಳ ಅಂತಾವ. ಒಂಬತ್ತನೇದಕ್ಕ ಮಾತ್ರ ಬರೇ ಒಣ ಅರಬಿರಿ. ಅದು ಪೂರಾ ಮಂಕಾಗ್ಯದ."

ನಮ್ಮ ಸುತ್ತ ಸಿಮೆಂಟು ಕಾರ್ಖಾನೆಗಳು, ಅತ್ತ ಕಲ್ಲು ಕೊಯ್ಯುವ ಶಹಾಬಾದು. ಆ ಧೂಳು ಇಬ್ಬನಿಯೊಂದಿಗೆ ಸೇರಿ ಗಾಜಿಗೆ ಹತ್ತಿದರೆ ಒಣ ಬಟ್ಟೆಗೆ ಜಗ್ಗುವುದಿಲ್ಲ, ಇನ್ನಷ್ಟು ಬಳಿದುಕೊಳ್ಳುತ್ತದೆ. ಕೌನಾಸಿನಲ್ಲಿ ಕುಂತು ನಿಯಮ ಬರೆದವರಿಗೆ ಅದು ಹೇಗೆ ತಿಳಿಯಬೇಕು? ನನಗಾದರೂ ತಿಳಿಯಬೇಕಿತ್ತು. ಯೋನಾಸ್ ಈಗ ಬಾಯಿಬಿಟ್ಟರು.

"ಸೀಲು ಒದ್ದೆ ಬಟ್ಟೆಯನ್ನು ತಡೆಯುತ್ತದೆ. ಒಂಬತ್ತನ್ನೂ ಈಗ ಹಾಗೇ ತೊಳೆಯಲು ಹೇಳಿ."

ಎಲ್ಲ ಅದರ ಮೇಲೆ ನಿಂತಿತ್ತು. ತೊಳೆದರೂ ಏಳದಿದ್ದರೆ ಹರಳು ನಮ್ಮ ಬಿಸಿಲಿಗೆ ನಿಜವಾಗಿ ಸತ್ತಿದೆ, ನಮ್ಮ ಮಾಳಿಗೆಯ ಕೆಲಸ ಮುಗಿದ ಹಾಗೆ. ಎದ್ದರೆ, ಮುಪ್ಪು ಎಂದು ಬರೆದಿಟ್ಟುಕೊಂಡದ್ದೆಲ್ಲ ಬರೀ ಕೊಳೆ. ಸೇಡಂನಲ್ಲಿ ಆಗ ನೆತ್ತಿ ಸುಡುವ ಹೊತ್ತು. ಶರಣಮ್ಮಕ್ಕ ಏದುಸಿರು ಬಿಡುತ್ತ ಮಾಳಿಗೆ ಹತ್ತಿದಳು. ಪರದೆಯಲ್ಲಿ ಒಂಬತ್ತರ ಗೆರೆ ತೆವಳುತ್ತಿತ್ತು. ಇದ್ದಕ್ಕಿದ್ದಂತೆ ಧೊಪ್ಪನೆ ಸೊನ್ನೆಗೆ ಬಿತ್ತು. ರೂತಾ "ಓ!" ಎಂದಳು. ನಾನು ಕುರ್ಚಿಯಿಂದ ಎದ್ದು ನಿಂತೆ.

"ಅಕ್ಕ, ಏನು ಮಾಡಿದಿ?"

"ತಿಕ್ಕಲಿಕತ್ತೀನ್ರಿ, ಬಗ್ಗೀನಿ."

"ನಿನ್ನ ನೆರಳು ಬಿದ್ದದ! ಜಲ್ದಿ ಬಾಜುಕ ಸರಿ!"

ಸರಿದಳು. ಗೆರೆ ಮೇಲೆದ್ದಿತು. ಮೊದಲಿದ್ದ ಜಾಗಕ್ಕೆ ಬಂತು, ಅಲ್ಲಿ ನಿಲ್ಲಲಿಲ್ಲ, ಇನ್ನೂ ಏರಿತು, ಉಳಿದ ಹನ್ನೊಂದರ ಸಾಲಿಗೆ ಹೋಗಿ ಕುಂತಿತು. ಯೋನಾಸ್ ಪರದೆಗೆ ಬಗ್ಗಿದರು. "ನಮ್ಮ ಹರಳಿಗೆ ಮುಪ್ಪು ಬಂದಿಲ್ಲ" ಎಂದರು ಮೆಲ್ಲಗೆ. "ಸ್ನಾನ ಆಗಿಲ್ಲ, ಅಷ್ಟೇ." ಆಮೇಲೆ ಆ ಮನುಷ್ಯ ನಕ್ಕ ನಗೆ ಇದೆಯಲ್ಲ, ಆ ಬಸ್ಸಿನ ಅಜ್ಜಿಯರೆಲ್ಲ ಕೈಚೀಲ ಬಿಟ್ಟು ಓಡಬೇಕು.

ಮಧ್ಯಾಹ್ನ ಸಭೆಯಲ್ಲಿ ನಾನು ಓದಿದ್ದು ಬೇರೆಯೇ. ಸೇಡಂ ಲಯ ಎಂಬುದಿಲ್ಲ. ಸೇಡಂ ಧೂಳು ಎಂಬುದಿದೆ, ಅದನ್ನು ಲೆಕ್ಕದಿಂದ ಕಳೆದರೆ ಈ ಬಿಲ್ಲೆಗಳು ನಾವು ಅಂದುಕೊಂಡದ್ದಕ್ಕಿಂತ ಗಟ್ಟಿ. ಇದನ್ನು ತಿಳಿಯಲು ಧೂಳಿನ ಊರೇ ಬೇಕೆಂದು ಮಾಳಿಗೆ ನಮ್ಮಲ್ಲೇ ಉಳಿಯಿತು. ಓದುಗರಲ್ಲಿ ಒಂದು ಬಿನ್ನಹ: ವಿಭೂತಿಯಿಂದ ಸೋಲಾರ್ ಆಯುಷ್ಯ ಹೆಚ್ಚುತ್ತದೆ, ನಮ್ಮ ಹಿರಿಯರಿಗೆ ಇದೆಲ್ಲ ಗೊತ್ತಿತ್ತು ಎಂದು ದಯವಿಟ್ಟು ವಾಟ್ಸಾಪಿನಲ್ಲಿ ಹಂಚಬೇಡಿ. ನಮ್ಮ ಹಿರಿಯರಿಗೆ ಗೊತ್ತಿದ್ದದ್ದು ಚರಿಗೆ ಬೆಳಗುವುದು.

ಮರಳಿ ಸೇಡಂ

ಕೌನಾಸಿನಿಂದ ಹೊಸ ನಿಯಮ ತಂದಿದ್ದೆ. ಆರು ಬಿಲ್ಲೆ ತೊಳೆಯಬೇಕು, ಆರು ಬಿಡಬೇಕು, ಆಗ ಹೋಲಿಸಿ ನೋಡಲು ಬರುತ್ತದೆ. ಗಾಜಿನ ಮೇಲೆ ವಿಭೂತಿ ಬೇಡ. ಶರಣಮ್ಮಕ್ಕ ಎರಡನೆಯದಕ್ಕೆ ತಲೆಯಾಡಿಸಿದಳು, ಮೊದಲನೆಯದಕ್ಕೆ ಕೆರಳಿದಳು.

"ಒಂದೇ ಪಂಕ್ತಿಯೊಳಗ ಕುಂದರಿಸಿ ಅರ್ಧ ಮಂದಿಗಿ ಬಡಸೋದು, ಅರ್ಧ ಮಂದಿಗಿ ಇಲ್ಲ ಅನ್ನೋದು? ಬಿಲ್‌ಕುಲ್ ಆಗಂಗಿಲ್ರಿ. ನಿಮ್ಮ ಸಾಹೇಬ್ರಿಗಿ ಹೇಳ್ರಿ, ಪಂಕ್ತಿ ಭೇದ ನಮ್ಮ ಕಡಿ ನಡ್ಯಂಗಿಲ್ಲ ಅಂತ."

ಬರೆದು ಕಳಿಸಿದೆ. ರೂತಾ ಉತ್ತರ ಬರೆದಳು: ಹೊಸ ಆರು ಬಿಲ್ಲೆ ಕಳಿಸುತ್ತೇವೆ, ಬೇರೆ ಸ್ಟ್ಯಾಂಡಿನಲ್ಲಿಡಿ, ಅವನ್ನು ತೊಳೆಯಬೇಡಿ. ಬೇರೆ ಸ್ಟ್ಯಾಂಡು ಎಂದರೆ ಬೇರೆ ಪಂಕ್ತಿ, ಅದನ್ನು ಬೇಕಾದರೆ ನೀವೇ ನೋಡಿಕೊಳ್ಳಿ ಎಂದು ಶರಣಮ್ಮಕ್ಕ ಒಪ್ಪಿದಳು.

ಮುಂದಿನ ಸೋಮವಾರ ಪಾಠ ಅದಲುಬದಲು ಮಾಡಿಕೊಂಡು ನಾನೂ ಮಾಳಿಗೆ ಹತ್ತಿದೆ. ಹನ್ನೆರಡೂ ಗಾಜು ಫಳಫಳ ಹೊಳೆಯುತ್ತಿದ್ದವು, ಒಂದರ ಮೇಲೂ ಗೆರೆಯಿಲ್ಲ. ಶರಣಮ್ಮಕ್ಕ ಸ್ಟ್ಯಾಂಡಿನ ಹಿಂದೆ ಮೊಣಕಾಲೂರಿ, ಬಿಸಿಲು ಬೀಳದ ಕಬ್ಬಿಣದ ಪಟ್ಟಿಗೆ, ಒಂದೊಂದು ಬಿಲ್ಲೆಯ ಬೆನ್ನಿಗೂ ಮೂರು ಬೆರಳು ಎಳೆಯುತ್ತ ಬರುತ್ತಿದ್ದಳು. ಏಳು, ಎಂಟು. ಮೂಲೆ ಚಕ್ಕೆಯಾದ ಒಂಬತ್ತರ ಹತ್ತಿರ ಬಂದು, ಬೆರಳನ್ನು ಮತ್ತೆ ನೀರಿಗದ್ದಿ, ಉಳಿದವಕ್ಕಿಂತ ದಪ್ಪನಾಗಿ ಎಳೆದಳು.

"ಅಕ್ಕ, ಒಡದದ್ದಕ್ಕ ಹಚ್ಚಬಾರ್ದು ಅಂದಿದ್ದಿ?"

ಅವಳು ತಿರುಗಿಯೂ ನೋಡಲಿಲ್ಲ.

"ದುಡೀಲಿಕತ್ತದಲ್ರಿ. ದುಡಿಯೋದು ಒಡದದ್ದು ಹ್ಯಾಂಗಾಗ್ತದ?" ಎಂದು ಹತ್ತನೆಯದಕ್ಕೆ ಹೋದಳು.